ಕಣದ ಕೀರ್ದಿ: ಹ್ಯಾಡ್ರಾನ್ ಕ್ಷಯವನ್ನು ಓದುವ ಬಗೆ

ನಮ್ಮ ಕಡೆ ಕಣ ಅಂದರೆ ಮೊದಲು ನೆನಪಾಗುವುದು ಜೋಳದ ರಾಶಿ ಮಾಡುವ ಜಾಗ. ಭೌತಶಾಸ್ತ್ರದ ಕಣ ಆಮೇಲಿನದು. ನಮ್ಮಪ್ಪ ಬಾಗಲಕೋಟೆಯ ಎಪಿಎಂಸಿ ಯಾರ್ಡಿನ ಒಂದು ಅಡತಿ ಅಂಗಡಿಯಲ್ಲಿ ಕೀರ್ದಿ ಬರೆಯುತ್ತಿದ್ದರು. ರೈತನ ಚೀಲ ಇಳಿದ ಕೂಡಲೇ ಅವರು ದರ ಕೇಳುತ್ತಿರಲಿಲ್ಲ, ಯಾರ ಮಾಲು ಅಂತಲೂ ಕೇಳುತ್ತಿರಲಿಲ್ಲ. ಮೊದಲು ತೂಕ. ಆಮೇಲೆ ಜಮಾ-ಖರ್ಚು. ಕೊನೆಗೆ ಮಿಕ್ಕ ಮಾತು. ನಾನೀಗ ನವನಗರದಲ್ಲಿ ಕೂತು ಹುಡುಗರಿಗೆ ಕ್ವಾರ್ಕು (ಪ್ರೋಟಾನಿನೊಳಗಿನ ಚೂರು), ಗ್ಲೂಆನು (ಆ ಚೂರುಗಳನ್ನು ಹಿಡಿದಿಡುವ ಪ್ರಬಲ ಬಲವನ್ನು ಹೊರುವ ಕಣ) ಹೇಳಿಕೊಡುವುದು ಅದೇ ಕ್ರಮದಲ್ಲಿ. ಪುಸ್ತಕಗಳ ಕ್ರಮ ಬೇರೆ. ಅವು ಪ್ರಬಲ, ವಿದ್ಯುತ್ಕಾಂತ, ದುರ್ಬಲ ಎಂಬ ಬಲಗಳಿಂದ ಶುರು ಮಾಡುತ್ತವೆ. ಹುಡುಗರು ಗೊಂದಲಕ್ಕೆ ಬೀಳುವುದೂ ಅಲ್ಲಿಯೇ.

ಕಳೆದ ತಿಂಗಳು ಗುಳೇದಗುಡ್ಡದ ಹುಡುಗಿಯೊಬ್ಬಳು ನೆಟ್ ಪರೀಕ್ಷೆಗೆ ಓದುತ್ತ ಒಂದು ಪ್ರಶ್ನೆ ಹಿಡಿದುಕೊಂಡು ಬಂದಳು. ನಾಲ್ಕು ಕ್ಷಯ (ಒಂದು ಕಣ ಒಡೆದು ಬೇರೆ ಕಣಗಳಾಗುವುದು) ಕೊಟ್ಟಿದ್ದರು, ಯಾವುದು ಪ್ರಬಲ ಬಲದಿಂದ ನಡೆಯುತ್ತದೆ ಎಂದು ಗುರುತಿಸಬೇಕು.

"ಮೇಡಮ್ರೀ, ಇವೆಲ್ಲಾ ಬಾಯಿಪಾಠ ಮಾಡಬೇಕೇನ್ರೀ?"

"ಬಾಯಿಪಾಠ ಬ್ಯಾಡವಾ, ಪಟ್ಟಿ ಬರಿ" ಅಂದೆ.

ಆ ಪಟ್ಟಿ ಬರೆಯುವ ಬಗೆಯನ್ನೇ ಇಲ್ಲಿ ಹೇಳುತ್ತಿದ್ದೇನೆ. ಬೇಕಾಗುವ ಸಾಮಾನು ಕಡಿಮೆ: ಒಂದು ರಫ್ ವಹಿ, ಪೆನ್ಸಿಲ್, ಪಾರ್ಟಿಕಲ್ ಡೇಟಾ ಗ್ರೂಪಿನವರ ಕಿರುಪುಸ್ತಕ. ಪುಸ್ತಕ ಪುಕ್ಕಟೆ ಸಿಗುತ್ತದೆ, ಕಣಗಳ ತೂಕ, ಆಯುಷ್ಯ, ಯಾವ ಕಣ ಯಾವುದಾಗಿ ಎಷ್ಟು ಪಾಲು ಒಡೆಯುತ್ತದೆ ಎಲ್ಲವೂ ಅದರಲ್ಲಿದೆ. ಇಷ್ಟು ನೆನಪಿರಲಿ: 1964ರಲ್ಲಿ ಗೆಲ್-ಮನ್ ಮತ್ತು ಜ್ವೈಗ್ ಬೇರೆಬೇರೆಯಾಗಿ ಹೇಳಿದಂತೆ, ಪ್ರೋಟಾನಿನಂಥ ಬೇರಿಯಾನಿನಲ್ಲಿ ಮೂರು ಕ್ವಾರ್ಕು, ಪಯಾನಿನಂಥ ಮೆಸಾನಿನಲ್ಲಿ ಒಂದು ಕ್ವಾರ್ಕು ಮತ್ತು ಒಂದು ಪ್ರತಿಕ್ವಾರ್ಕು (ಆವೇಶ ಉಲ್ಟಾ ಇರುವ ಜೋಡಿದಾರ). ಕ್ವಾರ್ಕಿನಲ್ಲಿ ಆರು ಜಾತಿ: ಅಪ್, ಚಾರ್ಮ್, ಟಾಪ್‌ಗಳ ಆವೇಶ +2/3. ಡೌನ್, ಸ್ಟ್ರೇಂಜ್, ಬಾಟಮ್‌ಗಳದ್ದು −1/3. ಬೇರಿಯಾನು, ಮೆಸಾನು ಎರಡೂ ಸೇರಿ ಹ್ಯಾಡ್ರಾನ್ ಕುಲ.

ಮೊದಲು ತೂಕ. ಎಡಗಡೆಯ ಕಣದ ದ್ರವ್ಯರಾಶಿ ಬರೆಯಿರಿ, ಬಲಗಡೆಯವುಗಳನ್ನು ಕೂಡಿಸಿ, ಕಳೆಯಿರಿ. ಅಳತೆ ಎಂಇವಿಯಲ್ಲಿ (ಮೆಗಾ ಎಲೆಕ್ಟ್ರಾನ್-ವೋಲ್ಟ್, ಕಣದ ತೂಕವನ್ನೂ ಶಕ್ತಿಯನ್ನೂ ಅಳೆಯುವ ಮಾನ). ಲ್ಯಾಂಬ್ಡಾ ಎಂಬ ಬೇರಿಯಾನು ಒಡೆದು ಪ್ರೋಟಾನು, ಪಯಾನ್-ಮೈನಸ್ಸು ಆಗುತ್ತದೆ. ಲ್ಯಾಂಬ್ಡಾ 1115.7, ಪ್ರೋಟಾನು 938.3, ಪಯಾನು 139.6, ಕೂಡಿದರೆ 1077.9. ಉಳಿಕೆ ಸುಮಾರು 38. ಆ ಉಳಿಕೆಯೇ ಮರಿಕಣಗಳ ಓಟದ ಶಕ್ತಿ. ಉಳಿಕೆ ಮೈನಸ್ ಬಂತೋ, ಅಲ್ಲಿಗೆ ಮುಗಿಯಿತು, ಮುಂದಿನ ಲೆಕ್ಕವೇ ಬೇಡ. ಸಿಗ್ಮಾ-ಸೊನ್ನೆ ಎಂಬ ಇನ್ನೊಂದು ಬೇರಿಯಾನು (ಸೊನ್ನೆ ಅಂದರೆ ಆವೇಶವಿಲ್ಲದ್ದು) 1192.6 ಇದೆ. ಅದು ಲ್ಯಾಂಬ್ಡಾ ಆಗಬೇಕೆಂದರೆ ಕೈಯಲ್ಲಿ ಉಳಿಯುವುದು 77, ಅತಿ ಹಗುರ ಪಯಾನಿಗೇ 135 ಬೇಕು. ಆದ್ದರಿಂದ ಅದು ಒಂದು ಫೋಟಾನ್ (ಬೆಳಕಿನ ಕಣ) ಬಿಟ್ಟು ಲ್ಯಾಂಬ್ಡಾ ಆಗುತ್ತದೆ. ಪರೀಕ್ಷೆಯ ಅರ್ಧ ತಪ್ಪು ಉತ್ತರಗಳು ಈ ಒಂದು ಕಳೆಯುವ ಲೆಕ್ಕದಲ್ಲೇ ಉದುರುತ್ತವೆ. ಆದರೂ ಹುಡುಗರು ಇದನ್ನು ಮಾಡುವುದಿಲ್ಲ, ನಾಚಿಕೆಯೋ ಏನೋ, ಐದನೆಯ ಇಯತ್ತೆಯ ಲೆಕ್ಕ ಅಂತ.

ಆಮೇಲೆ ಜಮಾ-ಖರ್ಚು. ನಾಲ್ಕು ಕಾಲಂ ಎಳೆಯಿರಿ: ಆವೇಶ, ಬೇರಿಯಾನ್ ಸಂಖ್ಯೆ (ಬೇರಿಯಾನು ಎಷ್ಟು), ಲೆಪ್ಟಾನ್ ಸಂಖ್ಯೆ (ಎಲೆಕ್ಟ್ರಾನು, ನ್ಯೂಟ್ರಿನೊದಂಥವು ಎಷ್ಟು), ಸ್ಟ್ರೇಂಜ್‌ನೆಸ್ (ಸ್ಟ್ರೇಂಜ್ ಕ್ವಾರ್ಕಿನ ಲೆಕ್ಕ). ಮೊದಲ ಮೂರು ಎರಡೂ ಬದಿಗೆ ಸರಿಯಾಗಲೇಬೇಕು, ಅಲ್ಲಿ ಉದ್ದರಿ ಇಲ್ಲ. ಬೇರಿಯಾನ್ ಕಾಲಂ ಎಷ್ಟು ಕಟ್ಟುನಿಟ್ಟು ಎಂದು ನೋಡಲು 1980ರ ದಶಕದಲ್ಲಿ ನಮ್ಮದೇ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಪ್ರೋಟಾನ್ ಒಡೆದೀತೇ ಎಂದು ಕಾದು ಕೂತಿದ್ದರು. ಇವತ್ತಿನವರೆಗೂ ಜಗತ್ತಿನಲ್ಲಿ ಎಲ್ಲಿಯೂ ಅದು ಒಡೆದದ್ದು ಖಾತ್ರಿಯಾಗಿಲ್ಲ.

ನಾಲ್ಕನೆಯ ಕಾಲಂ ಹಾಗಲ್ಲ. ಅದು ತಪ್ಪಿದರೆ ಕ್ಷಯವನ್ನು ಹೊಡೆದುಹಾಕಬೇಡಿ. ಯಾರು ಕೈಯಾಡಿಸಿದ್ದಾರೆ ಎಂಬುದು ತಿಳಿಯುವುದೇ ಅಲ್ಲಿ. ಪ್ರಬಲ ಬಲ ಮತ್ತು ವಿದ್ಯುತ್ಕಾಂತ ಬಲ ಕ್ವಾರ್ಕಿನ ಜಾತಿ ಬದಲಿಸುವುದಿಲ್ಲ. ಬದಲಿಸುವುದು ದುರ್ಬಲ ಬಲ ಮಾತ್ರ, ಅದೂ ಒಂದು ಸಲಕ್ಕೆ ಒಂದು ಸ್ಟ್ರೇಂಜ್. ಲ್ಯಾಂಬ್ಡಾದಲ್ಲಿ ಅಪ್, ಡೌನ್, ಸ್ಟ್ರೇಂಜ್ ಇವೆ, ಕಾಲಂನಲ್ಲಿ −1. ಬಲಗಡೆ ಪ್ರೋಟಾನು, ಪಯಾನು, ಎರಡರಲ್ಲೂ ಸೊನ್ನೆ. ಒಂದು ಸ್ಟ್ರೇಂಜ್ ಕ್ವಾರ್ಕು ಅಪ್ ಆಗಿ ಹೋಗಿದೆ. ಇದು ದುರ್ಬಲ ಬಲದ್ದೇ ಕೆಲಸ.

ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. ಸ್ಟ್ರೇಂಜ್ ಕ್ವಾರ್ಕಿನ ಸ್ಟ್ರೇಂಜ್‌ನೆಸ್ −1, ಅದರ ಪ್ರತಿಕ್ವಾರ್ಕಿನದು +1. ಹೆಸರಿಟ್ಟವರು ಕ್ವಾರ್ಕು ಹುಟ್ಟುವ ಮೊದಲೇ ಚಿಹ್ನೆ ಹಾಕಿಬಿಟ್ಟಿದ್ದರು, ನಾವು ಅನುಭವಿಸುತ್ತಿದ್ದೇವೆ. ಕೆಯಾನ್-ಪ್ಲಸ್ಸಿನಲ್ಲಿ ಇರುವುದು ಅಪ್ ಮತ್ತು ಪ್ರತಿ-ಸ್ಟ್ರೇಂಜ್, ಹಾಗಾಗಿ ಅದರ ಲೆಕ್ಕ +1. ಅಪ್ಪ ಜಮಾ ಕಡೆ ಬರೆಯಬೇಕಾದ್ದನ್ನು ಖರ್ಚಿಗೆ ಬರೆದ ಹೊಸ ಹುಡುಗನಿಗೆ ಇಡೀ ಪುಟ ಮತ್ತೆ ಬರೆಸುತ್ತಿದ್ದರು. ನಾನೂ ಬರೆಸುತ್ತೇನೆ.

ಈಗ ಆಯುಷ್ಯ ತಾಳೆ ನೋಡಿ. ಬೇಗ ಸಾಯುವ ಕಣಗಳ ಆಯುಷ್ಯ ಪುಸ್ತಕದಲ್ಲಿ ನೇರವಾಗಿ ಇರುವುದಿಲ್ಲ, ಅದರ ಬದಲು 'ಅಗಲ' (ಕಣದ ತೂಕ ಎಷ್ಟು ಹರಡಿದೆ ಎಂಬ ಅಳತೆ) ಕೊಟ್ಟಿರುತ್ತಾರೆ. 6.58×10⁻²² ಅನ್ನು ಆ ಅಗಲದಿಂದ (ಎಂಇವಿಯಲ್ಲಿ) ಭಾಗಿಸಿದರೆ ಸೆಕೆಂಡಿನಲ್ಲಿ ಆಯುಷ್ಯ ಬರುತ್ತದೆ. ಡೆಲ್ಟಾ-ಸೊನ್ನೆ ಎಂಬ ಕಣ ಕೂಡ ಪ್ರೋಟಾನ್ ಮತ್ತು ಪಯಾನ್-ಮೈನಸ್ ಆಗಿ ಒಡೆಯುತ್ತದೆ, ಲ್ಯಾಂಬ್ಡಾ ಒಡೆದಂತೆಯೇ. ಅದರ ತೂಕ 1232, ಅಗಲ ಸುಮಾರು 117, ಅಂದರೆ ಆಯುಷ್ಯ 5.6×10⁻²⁴ ಸೆಕೆಂಡು. ಲ್ಯಾಂಬ್ಡಾದ್ದು 2.6×10⁻¹⁰. ಮನೆ ಬಿಟ್ಟು ಬಂದ ಮಕ್ಕಳು ಅವೇ, ತೂಕದಲ್ಲೂ ಭಾರಿ ಅಂತರವಿಲ್ಲ. ಆದರೆ ಡೆಲ್ಟಾ ಒಂದು ಸೆಕೆಂಡು ಬದುಕಿತು ಅಂದುಕೊಂಡರೆ ಅದೇ ಅಳತೆಯಲ್ಲಿ ಲ್ಯಾಂಬ್ಡಾ ಸುಮಾರು ಹದಿನೈದು ಲಕ್ಷ ವರ್ಷ ಬದುಕುತ್ತದೆ. ಡೆಲ್ಟಾ-ಸೊನ್ನೆಯಲ್ಲಿ ಒಂದು ಅಪ್, ಎರಡು ಡೌನ್. ಜಾತಿ ಬದಲಿಸುವ ಪ್ರಮೇಯವೇ ಇಲ್ಲ, ಪ್ರಬಲ ಬಲ ತಕ್ಷಣ ಮುಗಿಸುತ್ತದೆ. ನಾಲ್ಕನೆಯ ಕಾಲಂನ ಒಂದು ಅಂಕಿಯ ಬೆಲೆ ಇದು.

ಒರಟು ಅಂದಾಜು ಹೀಗೆ: 10⁻²³ ಸೆಕೆಂಡಿನ ಆಸುಪಾಸಾದರೆ ಪ್ರಬಲ. ಫೋಟಾನ್ ಕಂಡು, 10⁻¹⁶ರಿಂದ 10⁻²⁰ರ ನಡುವೆ ಇದ್ದರೆ ವಿದ್ಯುತ್ಕಾಂತ. ಮೇಲೆ ಹೇಳಿದ ಸಿಗ್ಮಾ-ಸೊನ್ನೆ 7.4×10⁻²⁰ರಲ್ಲಿ ಹೋಗುತ್ತದೆ, ಪಯಾನ್-ಸೊನ್ನೆ 8.4×10⁻¹⁷ರಲ್ಲಿ ಎರಡು ಫೋಟಾನಾಗುತ್ತದೆ. 10⁻¹³ಕ್ಕಿಂತ ದೀರ್ಘವಾದರೆ, ಇಲ್ಲವೇ ನ್ಯೂಟ್ರಿನೊ (ಆವೇಶವಿಲ್ಲದ ಅತಿ ಹಗುರ ಲೆಪ್ಟಾನು) ಕಂಡರೆ, ದುರ್ಬಲ. ಅಂದಾಜು ಅಷ್ಟೇ, ಕಾನೂನಲ್ಲ.

ಕಾನೂನಲ್ಲ ಎನ್ನುವುದಕ್ಕೆ ಫೈ ಮೆಸಾನ್ ಸಾಕ್ಷಿ. ಇಲ್ಲಿ ಸ್ವಲ್ಪ ಕೂತು ಮಾತಾಡಬೇಕು, ಗ್ಲೂಆನ್ ಏನು ಮಾಡುತ್ತದೆ ಎಂದು ತಿಳಿಯುವುದು ಇಲ್ಲಿಯೇ. ಫೈ ಅಂದರೆ ಒಂದು ಸ್ಟ್ರೇಂಜ್, ಒಂದು ಪ್ರತಿ-ಸ್ಟ್ರೇಂಜ್. ತೂಕ 1019.5. ಅದು ಎರಡು ಕೆಯಾನ್ ಆಗಬಹುದು, ಆಗ ಉಳಿಯುವುದು 32. ಮೂರು ಪಯಾನ್ ಆಗಬಹುದು, ಆಗ ಉಳಿಯುವುದು 600 ದಾಟುತ್ತದೆ. ನಾಲ್ಕೂ ಕಾಲಂ ಎರಡಕ್ಕೂ ಸರಿ. ಉಳಿಕೆ ಹೆಚ್ಚಿದ್ದ ಕಡೆ ಓಡಬೇಕು ಅಲ್ಲವೇ? ಫೈ ಓಡುವುದಿಲ್ಲ. ನೂರಕ್ಕೆ ಸುಮಾರು 83 ಸಲ ಕೆಯಾನುಗಳೇ, ಮೂರು ಪಯಾನು 15ರಷ್ಟು.

ಕಾರಣ ಕಾಣಬೇಕೆಂದರೆ ಗೆರೆ ಎಳೆಯಬೇಕು. ಎಡಗಡೆ ಎರಡು ಗೆರೆ, ಒಂದು ಸ್ಟ್ರೇಂಜ್, ಒಂದು ಪ್ರತಿ-ಸ್ಟ್ರೇಂಜ್. ಕೆಯಾನ್ ಚಿತ್ರದಲ್ಲಿ ಇವೆರಡೂ ತುಂಡಾಗದೆ ಬಲತುದಿಯವರೆಗೆ ಹೋಗುತ್ತವೆ, ಒಂದು ಈ ಕೆಯಾನಿಗೆ, ಇನ್ನೊಂದು ಆ ಕೆಯಾನಿಗೆ. ನಡುವೆ ಹೊಸದಾಗಿ ಒಂದು ಅಪ್ ಜೋಡಿ ಹುಟ್ಟುತ್ತದೆ. ಇಳಕಲ್ಲಿನ ಮಗ್ಗದಲ್ಲಿ ಹಾಸಿನ ಎಳೆ ಈ ತುದಿಯಿಂದ ಆ ತುದಿಗೆ ಹೋದ ಹಾಗೆ. ಮೂರು ಪಯಾನಿನ ಚಿತ್ರದಲ್ಲಿ ಬಲಗಡೆ ಸ್ಟ್ರೇಂಜ್ ಎಂಬುದೇ ಇಲ್ಲ. ಎಡಗಡೆಯ ಎರಡೂ ಎಳೆ ಒಂದನ್ನೊಂದು ತಿಂದು ಮುಗಿಯಬೇಕು, ಚಿತ್ರ ನಡುವೆ ಹರಿದು ಎರಡು ತುಂಡಾಗುತ್ತದೆ, ಆ ಕಡೆಯಿಂದ ಈ ಕಡೆಗೆ ಎಲ್ಲ ಸರಕನ್ನೂ ಗ್ಲೂಆನುಗಳೇ ಹೊತ್ತು ದಾಟಿಸಬೇಕು. ಒಂದೇ ಗ್ಲೂಆನಿಗೆ ಆಗದು: ಗ್ಲೂಆನಿಗೆ ಬಣ್ಣದ ಆವೇಶವಿದೆ (ಕಣ್ಣಿಗೆ ಕಾಣುವ ಬಣ್ಣವಲ್ಲ, ಪ್ರಬಲ ಬಲದ ಆವೇಶಕ್ಕೆ ಇಟ್ಟ ಹೆಸರು), ಮೆಸಾನಿಗೆ ಇಲ್ಲ. ಎರಡಕ್ಕೂ ಆಗದು, ಫೈನ ಸಮ್ಮಿತಿ ಫೋಟಾನಿನಂಥದ್ದು, ಎರಡು ಗ್ಲೂಆನಿನ ಜೋಡಿಗೆ ಅದು ಹೊಂದುವುದಿಲ್ಲ. ಮೂರು ಬೇಕು. ಮೂರು ಹಮಾಲರು ಒಟ್ಟಿಗೆ ಸಿಗುವುದು ಕಷ್ಟ. ಓಕುಬೊ, ಜ್ವೈಗ್, ಈಜುಕಾ ಮೂವರ ಹೆಸರಿನಲ್ಲಿ ಈ ನಿಯಮವಿದೆ: ಎಳೆ ಹರಿದ ಚಿತ್ರ ಸೊರಗುತ್ತದೆ.

ಫೈ ಇದರ ಸಣ್ಣ ರೂಪ. ದೊಡ್ಡದು 1974ರ ನವೆಂಬರಿನಲ್ಲಿ ಬಂತು. ಬ್ರೂಕ್‌ಹೇವನ್‌ನಲ್ಲಿ ಟಿಂಗ್ ತಂಡ, ಸ್ಟ್ಯಾನ್‌ಫರ್ಡಿನಲ್ಲಿ ರಿಕ್ಟರ್ ತಂಡ ಒಂದೇ ಕಣವನ್ನು ಕಂಡವು. ಒಬ್ಬರು ಜೆ ಎಂದರು, ಇನ್ನೊಬ್ಬರು ಸೈ ಎಂದರು, ಇವತ್ತಿಗೂ ಅದು ಜೆ-ಸೈ. ಚಾರ್ಮ್ ಮತ್ತು ಪ್ರತಿ-ಚಾರ್ಮ್. ತೂಕ 3097. ಈಗ ನಮ್ಮ ಪಟ್ಟಿ ಬರೆಯಿರಿ. ಎಳೆ ಹರಿಯದ ದಾರಿ ಅಂದರೆ ಎರಡು ಡಿ ಮೆಸಾನ್ (ಒಂದಕ್ಕೆ ಚಾರ್ಮ್, ಇನ್ನೊಂದಕ್ಕೆ ಪ್ರತಿ-ಚಾರ್ಮ್), ಒಂದೊಂದು ಸುಮಾರು 1865, ಒಟ್ಟು 3730. ಕೈಯಲ್ಲಿರುವುದು 3097. ಆ ಬಾಗಿಲು ಮುಚ್ಚಿದೆ. ಉಳಿದದ್ದು ಹರಿದ ದಾರಿ, ಮೂರು ಗ್ಲೂಆನು. ಮೇಲಾಗಿ ಇಷ್ಟು ಭಾರದಲ್ಲಿ ಗ್ಲೂಆನಿನ ಹಿಡಿತವೇ ಸಡಿಲ: 1973ರಲ್ಲಿ ಗ್ರಾಸ್, ವಿಲ್ಚೆಕ್, ಪೊಲಿಟ್ಜರ್ ತೋರಿಸಿದ್ದು ಅದನ್ನೇ, ಶಕ್ತಿ ಹೆಚ್ಚಿದಂತೆ ಪ್ರಬಲ ಬಲ ಬಡವಾಗುತ್ತದೆ. ಹೀಗಾಗಿ ಜೆ-ಸೈ ಅಗಲ ಬರೀ 0.093 ಎಂಇವಿ. ಪ್ರಬಲ ಬಲ ಎಷ್ಟು ಸೊರಗಿದೆ ಅಂದರೆ ಎಲೆಕ್ಟ್ರಾನ್ ಜೋಡಿ, ಮ್ಯೂಆನ್ (ಎಲೆಕ್ಟ್ರಾನಿನ ಭಾರವಾದ ಅಣ್ಣ) ಜೋಡಿ ತಲಾ ನೂರಕ್ಕೆ 6ರಷ್ಟು ಪಾಲು ಕಿತ್ತುಕೊಂಡಿವೆ. ಅದೇ ಮನೆತನದ ಇನ್ನೊಂದು ಕಣ ಇದೆ, ಸೈ 3770. ಹೆಸರಿನಲ್ಲೇ ತೂಕ ಬಂತು, 3730 ದಾಟಿದೆ, ಬಾಗಿಲು ತೆರೆದಿದೆ. ಅಗಲ ಸುಮಾರು 27 ಎಂಇವಿ, ಜೆ-ಸೈಗಿಂತ ಮುನ್ನೂರರ ಹತ್ತಿರ ಪಟ್ಟು. ಮೊದಲು ತೂಕ ಹಾಕಿ ಎಂದು ನಾನು ಹಟ ಹಿಡಿಯುವುದು ಈ ಎರಡು ಸಾಲುಗಳಿಗಾಗಿ.

ಇಷ್ಟೆಲ್ಲ ಸರಿ ಬಂದರೂ ಮೋಸ ಹೋಗಬಹುದು. ಎಂಎಸ್ಸಿ ಪರೀಕ್ಷೆಯಲ್ಲಿ ನಾನು ರೋ-ಸೊನ್ನೆ ಎಂಬ ಮೆಸಾನು ಎರಡು ಪಯಾನ್-ಸೊನ್ನೆಯಾಗುತ್ತದೆ ಎಂದು ಧೈರ್ಯವಾಗಿ ಬರೆದಿದ್ದೆ. ತೂಕ 775, ಬೇಕಾದ್ದು 270, ಕಾಲಂ ಎಲ್ಲ ಸೊನ್ನೆ, ಎಳೆ ಹರಿದಿಲ್ಲ. ಪೂರ್ತಿ ತಪ್ಪು. ರೋದ ಸ್ಪಿನ್ (ಕಣದ ಸ್ವಂತ ಕೋನೀಯ ಸಂವೇಗ) 1, ಪಯಾನಿನದು 0. ಹಾಗಾಗಿ ಎರಡು ಪಯಾನು ಒಂದರ ಸುತ್ತ ಒಂದು ಕೋನೀಯ ಸಂವೇಗ 1ರಲ್ಲಿ ತಿರುಗಬೇಕು, ಆಗ ಅವುಗಳ ಜಾಗ ಅದಲುಬದಲು ಮಾಡಿದರೆ ಚಿಹ್ನೆ ಬದಲಾಗುತ್ತದೆ. ಒಂದೇ ಥರದ ಎರಡು ಬೋಸಾನುಗಳಿಗೆ (ಪಯಾನಿನಂಥ ಪೂರ್ಣಾಂಕ ಸ್ಪಿನ್ನಿನ ಕಣಗಳಿಗೆ) ಅದು ನಿಷಿದ್ಧ. ಒಂದು ಪ್ಲಸ್, ಒಂದು ಮೈನಸ್ ಪಯಾನ್ ಆದರೆ ತಕರಾರಿಲ್ಲ. ಆ ಪ್ರಶ್ನೆಗೆ ಹೋದ ಅಂಕ ಇನ್ನೂ ಮನಸ್ಸಿನಲ್ಲಿದೆ. ಬಲಗಡೆ ಎರಡು ಅವಳಿ ಕಣ ಕಂಡರೆ ನಿಂತು ಸ್ಪಿನ್ ನೋಡಿ.

ಹುಡುಗಿಗೆ ಮನೆಗೆಲಸ ಕೊಟ್ಟೆ. ಒಮೆಗಾ-ಮೈನಸ್, ಮೂರೂ ಸ್ಟ್ರೇಂಜ್, ತೂಕ 1672.5. ಅದನ್ನು ಕಾಣುವ ಮೊದಲೇ 1962ರಲ್ಲಿ ಗೆಲ್-ಮನ್ ಇರಬೇಕು ಎಂದಿದ್ದರು, 1964ರಲ್ಲಿ ಬ್ರೂಕ್‌ಹೇವನ್ನಿನ ಬಬಲ್ ಚೇಂಬರಿನ ಫೋಟೋದಲ್ಲಿ ಸಿಕ್ಕಿತು. ಪುಸ್ತಕದ ಪ್ರಕಾರ ಹೆಚ್ಚಿನ ಪಾಲು ಅದು ಲ್ಯಾಂಬ್ಡಾ ಮತ್ತು ಕೆಯಾನ್-ಮೈನಸ್ ಆಗುತ್ತದೆ, ಆಯುಷ್ಯ 0.8×10⁻¹⁰ ಸೆಕೆಂಡು. ಪ್ರಶ್ನೆ ಇದು: ಸ್ಟ್ರೇಂಜ್‌ನೆಸ್ ಉಳಿಸಿಕೊಂಡು, ಕ್ಸೈ-ಸೊನ್ನೆ (ಎರಡು ಸ್ಟ್ರೇಂಜ್, ಒಂದು ಅಪ್) ಮತ್ತು ಕೆಯಾನ್-ಮೈನಸ್ ಆಗಿ, ಪ್ರಬಲ ಬಲದಿಂದ ಒಂದೇ ಏಟಿಗೆ ಯಾಕೆ ಒಡೆಯಬಾರದು? ಕ್ಸೈ-ಸೊನ್ನೆ 1314.9, ಕೆಯಾನ್ 493.7.

ಸಂಜೆ ಗುಳೇದಗುಡ್ಡದ ಬಸ್ಸಿನಿಂದಲೇ ಫೋನ್ ಬಂತು. ಹಿಂದೆ ಕಂಡಕ್ಟರ್ ಸೀಟಿ ಊದುವುದು ಕೇಳುತ್ತಿತ್ತು.

"ಮೇಡಮ್ರೀ, ಕಾಲಂ ಎಲ್ಲಾ ಹೊಂದತಾವ್ರೀ. −3 ಇತ್ತು, −3 ಬಂತು. ಎಳೀನೂ ಹರದಿಲ್ಲ."

"ಮತ್ತ?"

"ಮತ್ತೇನ್ರೀ, 1808 ಬೇಕು, ಐತೇನು 1672. ರೊಕ್ಕಾನ ಸಾಲೂದಿಲ್ಲ."