ಗಲ್ಫ್ ರೊಕ್ಕದಿಂದ ದೇಶದ ಸಾಲ ತೀರುತ್ತದಾ? ನೀವೇ ಲೆಕ್ಕ ಹಾಕಿ ನೋಡ್ರಿ

ಒಂದು ಹಾಳೆ ತಗೊಂಡು ಎರಡು ಅಂಕಿ ಬರೀರಿ. 2024-25ರಲ್ಲಿ ಹೊರದೇಶದಲ್ಲಿರುವ ನಮ್ಮವರು ಭಾರತಕ್ಕೆ ಕಳಿಸಿದ ರೊಕ್ಕ ಸುಮಾರು 135 ಬಿಲಿಯನ್ ಡಾಲರ್. 2025ರ ಮಾರ್ಚ್ ಕೊನೆಗೆ ಭಾರತದ ಹೊರಸಾಲ, ಅಂದರೆ ಹೊರದೇಶದಲ್ಲಿರುವವರಿಗೆ ವಾಪಸ್ ಕೊಡಬೇಕಾದ್ದು, 736 ಬಿಲಿಯನ್ ಡಾಲರ್. ಒಂದು ಬಿಲಿಯನ್ ಅಂದರೆ ನೂರು ಕೋಟಿ. ಭಾಗಿಸಿದರೆ ಹತ್ತಿರ ಹತ್ತಿರ ಐದೂವರೆ ಬರುತ್ತದೆ. "ಐದೂವರೆ ವರ್ಷದಾಗ ಸಾಲ ಖಲಾಸ್" ಅಂತ ಚಹಾದಂಗಡಿಯಲ್ಲಿ ಫೈಸಲಾ ಆಗುವುದು ಇಲ್ಲಿಗೇ. ಭಾಗಾಕಾರ ಸರಿ ಇದೆ. ಆದರೆ ಅದರಿಂದ ಸಾಲ ತೀರುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಹಾಳೆಯನ್ನು ಇನ್ನಷ್ಟು ತುಂಬಿಸಬೇಕು.

ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹಣ ವರ್ಗಾವಣೆ ಕೌಂಟರಿನಲ್ಲಿ ಕೂರುವಾಕೆ. ಜಿದ್ದಾ, ದಮ್ಮಾಮ್, ದುಬೈ, ದೋಹಾಗಳಿಂದ ಬಂದ ರೊಕ್ಕ ತಗೊಳ್ಳಲು ಆಳಂದ, ಚಿತ್ತಾಪುರ, ಹುಮನಾಬಾದ್ ಕಡೆಯವರು ಬರುತ್ತಾರೆ. ರಂಜಾನ್ ತಿಂಗಳಲ್ಲಿ ಊಟಕ್ಕೆ ಏಳುವುದೂ ಕಷ್ಟ. ಹತ್ತು ಅಂಕಿಯ ನಂಬರ್, ಆಧಾರ್, ಒಂದು ಸಹಿ. ಒಂದು ಸಲಕ್ಕೆ 2,500 ಡಾಲರ್ ಮಿತಿ, ಒಬ್ಬರ ಹೆಸರಿಗೆ ವರ್ಷಕ್ಕೆ 30 ಸಲ, 50,000 ರೂಪಾಯಿ ದಾಟಿದರೆ ಕೈಗೆ ನಗದು ಕೊಡುವ ಹಾಗಿಲ್ಲ, ಖಾತೆಗೇ ಹಾಕಬೇಕು ಅಥವಾ ಚೆಕ್. ಇಷ್ಟೆಲ್ಲದರ ನಡುವೆ ಒಂದೇ ಒಂದು ಡಾಲರ್ ನೋಟು ನನ್ನ ಗಲ್ಲೆಗೆ ಬರುವುದಿಲ್ಲ. ಮಗ ಜಿದ್ದಾದಲ್ಲಿ ರಿಯಾಲ್ ಕಟ್ಟುತ್ತಾನೆ, ಅಮ್ಮ ಇಲ್ಲಿ ರೂಪಾಯಿ ಎಣಿಸಿಕೊಳ್ಳುತ್ತಾಳೆ. ನಡುವಿನ ಡಾಲರ್ ಕಂಪನಿಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ವಿದೇಶಿ ವಿನಿಮಯ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿ ಯಾರಿಗೆ ಬೇಕೋ ಅವರು ರೂಪಾಯಿ ಕೊಟ್ಟು ಕೊಳ್ಳುತ್ತಾರೆ: ಕಚ್ಚಾ ತೈಲ ತರಿಸುವವರು, ಮಗಳನ್ನು ಓದಲು ಕಳಿಸುವವರು, ಒಮ್ಮೊಮ್ಮೆ ರಿಸರ್ವ್ ಬ್ಯಾಂಕ್. ಸರ್ಕಾರಕ್ಕೂ ಅದು ಪುಕ್ಕಟೆ ಸಿಗುವುದಿಲ್ಲ.

ಅದಕ್ಕೇ ಹಾಳೆಯ ಮೇಲೆ ಮೊದಲು ಬರೆಯಬೇಕಾದ್ದು ಸಾಲ ಯಾರದು ಅಂತ. ನಮ್ಮ ಓಣಿಯ ಎಲ್ಲ ಮನೆಗಳಿಗೆ ದುಬೈ ರೊಕ್ಕ ಬಂದರೂ ಪಂಚಾಯಿತಿಯ ಕರೆಂಟ್ ಬಿಲ್ ಬಾಕಿ ತಾನಾಗಿ ತೀರುವುದಿಲ್ಲವಲ್ಲ, ಹಾಗೆ. 736 ಬಿಲಿಯನ್‌ನಲ್ಲಿ ಸರ್ಕಾರದ ಪಾಲು ಕಾಲು ಭಾಗಕ್ಕಿಂತ ಕಡಿಮೆ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಂಪನಿಗಳದ್ದು. ಬ್ಯಾಂಕುಗಳದ್ದೂ ದೊಡ್ಡ ಪಾಲೇ. ಇನ್ನೊಂದು ವಿಷಯ: ಇದರಲ್ಲಿ ಸುಮಾರು 31 ಪರ್ಸೆಂಟ್ ಸಾಲ ರೂಪಾಯಿಯಲ್ಲೇ ಇದೆ. ಡಾಲರ್ ಬೆಲೆ ಏರಿದರೂ ರೂಪಾಯಿ ಲೆಕ್ಕದಲ್ಲಿ ಆ ಪಾಲು ಬೆಳೆಯುವುದಿಲ್ಲ. ಶ್ರೀಲಂಕಾ, ಪಾಕಿಸ್ತಾನಗಳ ಹಾಳೆ ತುಂಬುವಾಗ ಈ ಸಾಲಿನಲ್ಲಿ ಇಷ್ಟು ನೆಮ್ಮದಿ ಸಿಗುವುದಿಲ್ಲ.

ಬ್ಯಾಂಕುಗಳ ಪಾಲಿನೊಳಗೆ ಒಂದು ಸ್ವಾರಸ್ಯ ಅಡಗಿದೆ, ಲೆಕ್ಕ ಹಾಕುವವರು ಹೆಚ್ಚಾಗಿ ಎಡವುವುದೂ ಅಲ್ಲೇ. ಅನಿವಾಸಿ ಭಾರತೀಯರು ನಮ್ಮ ಬ್ಯಾಂಕುಗಳಲ್ಲಿ ಇಟ್ಟ ಠೇವಣಿ ಮಾರ್ಚ್ 2025ಕ್ಕೆ ಸುಮಾರು 165 ಬಿಲಿಯನ್ ಡಾಲರ್, ಮತ್ತು ಅದು ಪೂರ್ತಿ ಹೊರಸಾಲದ ಲೆಕ್ಕಕ್ಕೇ ಬರುತ್ತದೆ. ಆಳಂದ ಕಡೆಯ ಒಬ್ಬ ಮಾಸ್ತರರ ಮಗ ದೋಹಾದಲ್ಲಿದ್ದಾನೆ. ಮನೆ ಖರ್ಚಿಗೆ ಅಂತ ಆತ ನನ್ನ ಕೌಂಟರ್ ಮೂಲಕ ಕಳಿಸಿದ್ದು ಸಾಲವಲ್ಲ, ಯಾರೂ ವಾಪಸ್ ಕೇಳದ ರೊಕ್ಕ. ಅದೇ ಮಗ ಅನಿವಾಸಿಗಳಿಗಂತಲೇ ಇರುವ ಎನ್‌ಆರ್‌ಇ ಬ್ಯಾಂಕ್ ಖಾತೆಯಲ್ಲಿ ಇಟ್ಟದ್ದು ದೇಶದ ಹೊರಸಾಲ, ಯಾಕಂದರೆ ನಾಳೆ ಆತ ವಾಪಸ್ ಒಯ್ಯಬಹುದು. ಇದನ್ನು ಹೇಳಿದಾಗ ಮಾಸ್ತರರು ಕನ್ನಡಕ ತೆಗೆದು, "ಅಲ್ಲವ್ವಾ, ನನ್ನ ಮಗ ದೇಶಕ್ಕ ಸಾಲ ಕೊಟ್ಟಾನಂದಂಗಾತು!" ಅಂದರು. "ಬಡ್ಡಿ ಟೈಮಿಗೆ ಬರ್ತದಲ್ರೀ ಮಾಸ್ತರ್ರೆ, ಸುಮ್ನಿರ್ರಿ" ಅಂದೆ. ಮುಂದೆ ಮನೆ ಕಟ್ಟಲು ಅದೇ ಖಾತೆಯಿಂದ ಇಲ್ಲೇ ರೊಕ್ಕ ತೆಗೆದರೆ ಅಷ್ಟು ಸಾಲ ಇಳಿದು, ಅಷ್ಟೇ ಮೊತ್ತ "ಕಳಿಸಿದ ರೊಕ್ಕ"ದ ಲೆಕ್ಕಕ್ಕೆ ಸೇರುತ್ತದೆ. ಆಗ ಒಂದೇ ಒಂದು ಹೊಸ ಡಾಲರ್ ಕೂಡ ಒಳಗೆ ಬಂದಿರುವುದಿಲ್ಲ. ಆದ್ದರಿಂದ 135 ಬಿಲಿಯನ್ ಪೂರ್ತಿ ಆ ವರ್ಷವೇ ಬಂದ ಹೊಸ ಡಾಲರ್ ಅಂತ ಓದಬೇಡಿ.

ಈ ಎರಡು ರೊಕ್ಕದ ಸ್ವಭಾವವೂ ಬೇರೆ. 1990ರಲ್ಲಿ ಇರಾಕ್ ಕುವೈತ್‌ಗೆ ನುಗ್ಗಿದಾಗ 1.7 ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ಕರೆತರಬೇಕಾಯಿತು. ತೈಲ ದುಬಾರಿಯಾಯಿತು, ಹೆದರಿದ ಅನಿವಾಸಿಗಳು ಠೇವಣಿ ಹಿಂತೆಗೆದರು, 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಬಂಗಾರವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಲ್ಲಿ ಅಡ ಇಡಬೇಕಾಯಿತು. ಅದೇ 2020ರ ಕೊರೊನಾ ವರ್ಷದಲ್ಲಿ, ಅಷ್ಟು ಜನ ಕೆಲಸ ಕಳಕೊಂಡರೂ, ಮನೆಗೆ ಕಳಿಸಿದ ರೊಕ್ಕ 83 ಬಿಲಿಯನ್ ಡಾಲರ್ ಆಸುಪಾಸಿನಲ್ಲೇ ನಿಂತಿತು, ಹಿಂದಿನ ವರ್ಷದಷ್ಟೇ. ತಾಯಿಯ ಔಷಧಿಗೆ ಕಳಿಸುವವರು ಬಡ್ಡಿ ದರ ನೋಡಿ ಕಳಿಸುವುದಿಲ್ಲ.

ಈಗ ಕಂತು. ಬ್ಯಾಂಕಿನಲ್ಲಿ ಸಾಲ ಕೇಳಿದರೆ ತಿಂಗಳ ಸಂಬಳಕ್ಕೂ ಕಂತಿಗೂ ಹೊಂದಿಸಿ ನೋಡುತ್ತಾರೆ, ದೇಶಕ್ಕೂ ಹಾಗೇ ನೋಡಬೇಕು. ರಿಸರ್ವ್ ಬ್ಯಾಂಕ್ ಪ್ರತಿ ವರ್ಷ ಜೂನ್ ಕೊನೆಗೆ ಮಾರ್ಚ್‌ವರೆಗಿನ ಹೊರಸಾಲದ ಪ್ರಕಟಣೆ ಕೊಡುತ್ತದೆ. ಅದರಲ್ಲಿ ಸಾಲ ಸೇವಾ ಅನುಪಾತ ಅಂತ ಒಂದು ಸಾಲು ಹುಡುಕಿರಿ. 2025ರಲ್ಲಿ ಅದು 6.6 ಪರ್ಸೆಂಟ್. ಅಂದರೆ ರಫ್ತು, ಸಾಫ್ಟ್‌ವೇರ್, ಕಳಿಸಿದ ರೊಕ್ಕ ಎಲ್ಲ ಸೇರಿ ಹೊರಗಿನಿಂದ ಬಂದ ಪ್ರತಿ ನೂರು ಡಾಲರಿನಲ್ಲಿ ಆರೂವರೆಯಷ್ಟು ಅಸಲು-ಬಡ್ಡಿಗೆ ಹೋಯಿತು. ಒಟ್ಟು ಬಂದದ್ದು ಒಂದು ಲಕ್ಷ ಕೋಟಿ ಡಾಲರಿನ ಆಸುಪಾಸು, ಹಾಗಾಗಿ ಕಂತು 65-70 ಬಿಲಿಯನ್. ಕಳಿಸಿದ ರೊಕ್ಕ ಅದರ ಹೆಚ್ಚುಕಡಿಮೆ ಎರಡು ಪಟ್ಟು! ಇಷ್ಟಕ್ಕೇ ನಿಲ್ಲಿಸಿದರೆ "ತೀರುತ್ತದೆ" ಅನ್ನಬಹುದು.

ನಿಲ್ಲಿಸಬೇಡಿ. ಆಮದು ಕಳೆಯಿರಿ. 2024-25ರಲ್ಲಿ ಸರಕುಗಳ ವ್ಯಾಪಾರದಲ್ಲಿ ನಮಗೆ ಬಿದ್ದ ಕೊರತೆ 280 ಬಿಲಿಯನ್ ಡಾಲರಿಗೂ ಮೇಲೆ. ಕಳಿಸಿದ ರೊಕ್ಕ ಅದರ ಸುಮಾರು ಅರ್ಧ ತುಂಬಿಸುತ್ತದೆ. ಉಳಿದದ್ದನ್ನು ಬೆಂಗಳೂರಿನಂಥ ಊರುಗಳ ಸೇವಾ ರಫ್ತು ತುಂಬಿಸುತ್ತದೆ. ಅಷ್ಟಾದರೂ, ಹೊರಗಿನವರಿಗೆ ಹೋಗುವ ಬಡ್ಡಿ, ಲಾಭವನ್ನೂ ಕಳೆದರೆ, ಆ ವರ್ಷ ದೇಶದ ಚಾಲ್ತಿ ಖಾತೆಯಲ್ಲಿ (ಹೊರದೇಶಗಳ ಜೊತೆಗಿನ ವರ್ಷದ ಆದಾಯ-ಖರ್ಚಿನ ಲೆಕ್ಕದಲ್ಲಿ) ಸುಮಾರು 23 ಬಿಲಿಯನ್ ಕೊರತೆ ಉಳಿಯಿತು. ಅಂದರೆ ಕಳಿಸಿದ ರೊಕ್ಕ ಬರುವ ಮೊದಲೇ ಖರ್ಚಾಗಿ ಕೂತಿದೆ: ಪೆಟ್ರೋಲಿಗೆ, ಅಡುಗೆ ಎಣ್ಣೆಗೆ, ಮೊಬೈಲಿನ ಬಿಡಿಭಾಗಗಳಿಗೆ, ಸರಾಫ್ ಬಜಾರಿನ ಬಂಗಾರಕ್ಕೆ. ನನ್ನ ಕೌಂಟರಿನಿಂದ ಇಳಿದು ನೇರ ಬಂಗಾರದಂಗಡಿಗೆ ಹೋಗುವವರನ್ನು ನಾನೇ ದಿನಾ ನೋಡುತ್ತೇನೆ. ಆ ಬಂಗಾರ ತರಿಸಲು ಮತ್ತೆ ಡಾಲರೇ ಬೇಕು.

ನೇಪಾಳದ ಹಾಳೆ ತುಂಬಿದರೆ ಇದು ಇನ್ನೂ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಒಂದು ವರ್ಷ ಬರುವ ರೊಕ್ಕ ಜಿಡಿಪಿಯ ಸುಮಾರು ಕಾಲು ಭಾಗ, ಸರ್ಕಾರದ ಹೊರಸಾಲಕ್ಕೂ ಅದಕ್ಕೂ ಹೆಚ್ಚು ಅಂತರವಿಲ್ಲ. ಚಹಾದಂಗಡಿ ಲೆಕ್ಕದಲ್ಲಿ ಒಂದೇ ವರ್ಷಕ್ಕೆ ಸಾಲಮುಕ್ತ. ಆದರೆ ಆಮದಿನ ಮುಂದೆ ರಫ್ತು ತೀರಾ ಚಿಕ್ಕದು. ವಿದೇಶಿ ವಿನಿಮಯ ಕರಗಿದಾಗ, 2022ರ ಏಪ್ರಿಲ್‌ನಲ್ಲಿ ಕಾರು, ಮದ್ಯದಂಥ ಸಾಮಾನುಗಳ ಆಮದಿಗೇ ತಡೆ ಹಾಕಬೇಕಾಯಿತು.

ಶ್ರೀಲಂಕಾದ್ದು ಬೇರೆ ಪಾಠ. 2020ರಲ್ಲಿ 7.1 ಬಿಲಿಯನ್ ಡಾಲರ್ ಬಂದಿತ್ತು, 2021ರಲ್ಲಿ 5.5, 2022ರಲ್ಲಿ 3.8. ಕೆಲಸಗಾರರು ಕಳಿಸುವುದನ್ನು ನಿಲ್ಲಿಸಿರಲಿಲ್ಲ, ದಾರಿ ಬದಲಿಸಿದ್ದರು. ಡಾಲರಿಗೆ 200 ರೂಪಾಯಿ ಚಿಲ್ಲರೆ ಅಂತ ಸರ್ಕಾರ ದರ ಹಿಡಿದಿಟ್ಟಿತ್ತು, ಹೊರಗೆ ಅದಕ್ಕಿಂತ ಎಷ್ಟೋ ಹೆಚ್ಚು ಸಿಗುತ್ತಿತ್ತು. ಅಲ್ಲಿ ಅದಕ್ಕೆ ಉಂಡಿಯಲ್ ಅಂತಾರೆ, ನಮ್ಮಲ್ಲಿ ಹುಂಡಿ, ಹವಾಲಾ. ಹಾಗೆ ಬಂದರೆ ಮನೆಗೆ ರೂಪಾಯಿ ಮುಟ್ಟುತ್ತದೆ, ಡಾಲರ್ ದುಬೈಯಲ್ಲೇ ಉಳಿದುಹೋಗುತ್ತದೆ. 2022ರ ಏಪ್ರಿಲ್ 12ಕ್ಕೆ ಶ್ರೀಲಂಕಾ ಹೊರಸಾಲದ ಪಾವತಿ ನಿಲ್ಲಿಸಿತು. ದರ ಸಡಿಲಿಸಿದ ಮೇಲೆ, 2023ರಲ್ಲಿ, ಬ್ಯಾಂಕ್ ಮೂಲಕ ಬಂದದ್ದು ಮತ್ತೆ 6 ಬಿಲಿಯನ್ ಹತ್ತಿರ. ಆದ್ದರಿಂದ ಯಾವುದೇ ದೇಶದ ಲೆಕ್ಕ ಹಾಕುವಾಗ ಬ್ಯಾಂಕ್ ದರಕ್ಕೂ ಹೊರಗಿನ ದರಕ್ಕೂ ಎಷ್ಟು ಅಂತರ ಅಂತ ಹಾಳೆಯ ಅಂಚಿನಲ್ಲಿ ಬರೆದಿಡಿ. ಅಂತರ ಹಿಗ್ಗಿದಷ್ಟೂ ಮುಂದಿನ ವರ್ಷದ ಅಂಕಿ ನಂಬಬೇಡಿ. ನನ್ನ ಅನುಭವದಲ್ಲಿ ಒಂದು ರೂಪಾಯಿ ದರ ಏರಿಳಿದರೂ ಗಿರಾಕಿ ಫೋನ್ ಮಾಡಿ ಕೇಳುತ್ತಾನೆ.

"ಗಲ್ಫ್ ರೊಕ್ಕ" ಅನ್ನುವ ಹೆಸರನ್ನೂ ಹಾಳೆಯಲ್ಲಿ ತಿದ್ದಿಕೊಳ್ಳಿ. ರಿಸರ್ವ್ ಬ್ಯಾಂಕಿನ 2023-24ರ ಸಮೀಕ್ಷೆಯಲ್ಲಿ ಅಮೆರಿಕದ ಪಾಲು 27.7 ಪರ್ಸೆಂಟ್, ಯುಎಇ 19.2. ಕರ್ನಾಟಕಕ್ಕೆ ಬಂದದ್ದು ಒಟ್ಟಿನ 7.7 ಪರ್ಸೆಂಟ್. ಗಲ್ಫ್‌ನಲ್ಲಿ ಕೆಲಸ ಕಡಿಮೆಯಾದರೆ ನಮ್ಮ ಕಲಬುರಗಿ-ಬೀದರಿನ ಓಣಿಗಳಿಗೆ ಬಿಸಿ ಮುಟ್ಟುತ್ತದೆ, ದೇಶದ ಮೊತ್ತ ಅಷ್ಟು ಬೇಗ ಅಲುಗುವುದಿಲ್ಲ.

ಕೊನೆಯ ಸಾಲು ಸರ್ಕಾರದ ರೂಪಾಯಿ. ಡಾಲರ್ ಎಷ್ಟೇ ಬಿದ್ದಿರಲಿ, ಅದನ್ನು ಕೊಳ್ಳಲು ಸರ್ಕಾರ ತೆರಿಗೆಯಿಂದ ರೂಪಾಯಿ ಎತ್ತಲೇಬೇಕು. ಜಿದ್ದಾದ ಮಗ ಕಳಿಸಿದ್ದಕ್ಕೆ ಇಲ್ಲಿ ಅಪ್ಪ-ಅಮ್ಮ ಆದಾಯ ತೆರಿಗೆ ಕಟ್ಟಬೇಕಿಲ್ಲ. ಆ ರೊಕ್ಕ ಸಿಮೆಂಟು, ಬಟ್ಟೆ, ಮೊಬೈಲ್ ಆದಾಗ ಜಿಎಸ್‌ಟಿ ರೂಪದಲ್ಲಿ ಒಂದು ಪಾಲು ಖಜಾನೆಗೆ ಹೋಗುತ್ತದೆ, ಅಷ್ಟೇ. ಅದಕ್ಕೂ ಮೀರಿ ಬೇಕಾದರೆ ಅನಿವಾಸಿಗಳಿಂದ ಸಾಲವನ್ನೇ ಕೇಳಬೇಕು. ಪೋಖ್ರಾನ್ ಅಣುಪರೀಕ್ಷೆಗೆ ಹೊರದೇಶಗಳು ನಿರ್ಬಂಧ ಹಾಕಿದ್ದ ಸಮಯದಲ್ಲಿ, 1998ರಲ್ಲಿ, ಸ್ಟೇಟ್ ಬ್ಯಾಂಕ್ ಮೂಲಕ ರಿಸರ್ಜೆಂಟ್ ಇಂಡಿಯಾ ಬಾಂಡ್ ಮಾರಿ 4.2 ಬಿಲಿಯನ್ ಡಾಲರ್ ತಂದದ್ದು ಹೀಗೇ. ಐದು ವರ್ಷದ ಬಾಂಡ್, ಡಾಲರಿಗೆ 7.75 ಪರ್ಸೆಂಟ್ ಬಡ್ಡಿ. 2003ರ ಅಕ್ಟೋಬರಿನಲ್ಲಿ ಬಡ್ಡಿ ಸೇರಿ ಸುಮಾರು 5.5 ಬಿಲಿಯನ್ ವಾಪಸ್ ಕಟ್ಟಿದರು. ಆ ಐದು ವರ್ಷ ಅದನ್ನು ಬರೆಯಬೇಕಿದ್ದ ಜಾಗ ಹಾಳೆಯ ಸಾಲದ ಕಡೆಯೇ.