ಗೂಟಿಯಲ್ಲಿ ಬೇರು ಬರಲಿಲ್ಲವೇ? ಕೆರೆದದ್ದು ಸಾಲಲಿಲ್ಲ

ಮಳೆ ಹಿಡಿಯಿತೆಂದರೆ ಹಿತ್ತಲಿನ ದಾಳಿಂಬೆ, ನಿಂಬೆ, ಸೀಬೆಗೆ ಗೂಟಿ ಕಟ್ಟುವವರು, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ತೊಗಟೆ ಸುಲಿದು ಅಲ್ಲಿ ಬೇರು ಬರಿಸುವವರು, ಬಹಳ. ಎರಡು ತಿಂಗಳಾದ ಮೇಲೆ ಬಿಚ್ಚಿದರೆ ಬೇರಿರುವುದಿಲ್ಲ, ಸುಲಿದ ಜಾಗದಲ್ಲಿ ಹೊಸ ತೊಗಟೆ ಕೂಡಿಕೊಂಡಿರುತ್ತದೆ. ಬೈಗುಳವೆಲ್ಲ ಬೇರು ಬರಲೆಂದು ಹಚ್ಚಿದ ಹಾರ್ಮೋನು ಪುಡಿಗೆ. ಬಹುಪಾಲು ತಪ್ಪು ಚಾಕು ಹಿಡಿದ ಕೈಯದು.

ಪೆನ್ಸಿಲ್ ದಪ್ಪದ, ವರ್ಷ ತುಂಬಿದ, ರೋಗವಿಲ್ಲದ ಕೊಂಬೆ ಆರಿಸಿ. ತುದಿಯ ಚಿಗುರು ಚಿವುಟಬೇಡಿ. ಬೇರು ಹೊರಡಿಸುವ ಆಕ್ಸಿನ್ ಎಂಬ ಹಾರ್ಮೋನು ಮುಖ್ಯವಾಗಿ ತಯಾರಾಗುವುದು ಅಲ್ಲೇ.

ಇನ್ನು ಸುಲಿಯುವುದು. ಗಿಣ್ಣಿನ ಕೆಳಗೆ ಒಂದಿಂಚು ಅಂತರದಲ್ಲಿ ಎರಡು ಸುತ್ತು ಕೊಯ್ದು, ನಡುವಿನ ತೊಗಟೆ ಪೂರ್ತಿ ತೆಗೆಯಿರಿ. ಬೆಳ್ಳಗಿನ ಕಟ್ಟಿಗೆ ಕಾಣುತ್ತದೆ, ಬೆರಳಿಟ್ಟರೆ ಜಾರುತ್ತದೆ. ಹೆಚ್ಚಿನವರು ಇಲ್ಲಿಗೇ ಕೈಬಿಡುತ್ತಾರೆ. ಆ ಜಾರುವ ಲೋಳೆಯೇ ಕ್ಯಾಂಬಿಯಂ, ತೊಗಟೆಗೂ ಕಟ್ಟಿಗೆಗೂ ನಡುವೆ ಇದ್ದು ಹೊಸ ತೊಗಟೆ ಬೆಳೆಸುವ ಜೀವಂತ ಪದರ. ಚಾಕುವಿನ ಬೆನ್ನಿನಿಂದ ಸುತ್ತಲೂ ಕೆರೆದು, ಬಟ್ಟೆಯಿಂದ ಒರೆಸಿ, ಮತ್ತೆ ಬೆರಳಿಟ್ಟು ನೋಡಿ. ಜಾರಿದರೆ ಮತ್ತೆ ಕೆರೆಯಿರಿ. ಕಟ್ಟಿಗೆಯನ್ನು ಮಾತ್ರ ಕೊರೆಯಬೇಡಿ, ನೀರು ಏರುವುದು ಅದರಲ್ಲೇ.

ಇಷ್ಟು ಹಟ ಏಕೆಂದರೆ, ಆಕ್ಸಿನ್ ಇಳಿಯುವುದು ಕ್ಯಾಂಬಿಯಂ ಮತ್ತು ಅದರ ಆಸುಪಾಸಿನ ಜೀವಂತ ಕೋಶಗಳಲ್ಲಿ, ಒಂದರಿಂದ ಇನ್ನೊಂದಕ್ಕೆ ದಾಟುತ್ತ, ಗಂಟೆಗೆ ಸುಮಾರು ಒಂದು ಸೆಂಟಿಮೀಟರ್. ಕೋಶದ ಗೋಡೆಯಲ್ಲಿ ಆಮ್ಲದ ಗುಣವಿದೆ. ಅಲ್ಲಿ ಆಕ್ಸಿನ್ನಿನ ಒಂದು ಪಾಲು ವಿದ್ಯುದಂಶವಿಲ್ಲದೆ ಇದ್ದು, ಪೊರೆ ದಾಟಿ ಒಳಗೆ ನುಸುಳುತ್ತದೆ. ಒಳಗಿನ ಪಿಎಚ್ ಸುಮಾರು 7. ಅಲ್ಲಿ ಋಣ ವಿದ್ಯುದಂಶ ಪಡೆದ ಆಕ್ಸಿನ್ ತಾನಾಗಿ ಹೊರಬರಲಾರದು. ಅದನ್ನು ಹೊರಹಾಕುವವು ಪಿನ್ ಎಂಬ ಪ್ರೋಟೀನುಗಳು. ಈ ಕೋಶಗಳಲ್ಲಿ ಅವು ಬುಡದ ಬದಿಯಲ್ಲೇ ಕೂತಿರುವುದರಿಂದ ಹರಿವೂ ಬುಡದತ್ತಲೇ. (ಕಡ್ಡಿಯನ್ನು ತಲೆಕೆಳಗಾಗಿ ನೆಡುವವರೇ, ನೀವು ತಿರುಗಿಸಿದ ಮಾತ್ರಕ್ಕೆ ಪಿನ್ ಜಾಗ ಬದಲಿಸುವುದಿಲ್ಲ.) ದಾರಿ ಕಡಿದರೆ ಆಕ್ಸಿನ್ ಗಾಯದ ಮೇಲಂಚಿನಲ್ಲಿ ಸೇರಿಕೊಳ್ಳುತ್ತದೆ, ಲೋಳೆ ಒಂದೆಳೆ ಉಳಿದರೂ ಕೆಳಗೆ ಜಾರಿಹೋಗುತ್ತದೆ.

ಅಂಚಿನ ಕೋಶಗಳಿಗೆ ಆಕ್ಸಿನ್ ಬಂದದ್ದು ತಿಳಿಯುವುದು ಕೋಶಕೇಂದ್ರದಲ್ಲಿ. ಅಲ್ಲಿನ ಟಿಐಆರ್1 ಪ್ರೋಟೀನೇ ಆಕ್ಸಿನ್ ಗ್ರಾಹಕವೆಂದು 2005ರಲ್ಲಿ ಗೊತ್ತಾಯಿತು. ಆಕ್ಸಿನ್ ಅದರ ಗುಳಿಯಲ್ಲಿ ಕೂತು, ಜೀನ್‌ಗಳನ್ನು ತಡೆಹಿಡಿದಿದ್ದ ಇನ್ನೊಂದು ಪ್ರೋಟೀನನ್ನು ಅದಕ್ಕೆ ಅಂಟಿಸುತ್ತದೆ. ಅಂಟಿಕೊಂಡದ್ದನ್ನು ಕೋಶ ನಾಶಮಾಡುತ್ತದೆ. ತಡೆ ಹೋದ ಮೇಲೆ ಬೇರಿನ ಕೆಲಸ ಶುರು.

ಆದ್ದರಿಂದ ಐಬಿಎ ಎಂಬ ಆಕ್ಸಿನ್ ಇರುವ ಹಾರ್ಮೋನು ಪುಡಿ ಹಚ್ಚಬೇಕಾದದ್ದು ಮೇಲಂಚಿಗೆ. ಎಷ್ಟು ಐಬಿಎ ಇದೆಯೆಂದು ಬರೆಯದ ಪೊಟ್ಟಣವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಜೇನುತುಪ್ಪ, ದಾಲ್ಚಿನ್ನಿ ಆಕ್ಸಿನ್ನಿನ ಕೆಲಸ ಮಾಡುವುದಿಲ್ಲ, ವಿಡಿಯೋದವರು ಏನೇ ಹೇಳಲಿ. ಹಾಗೆಂದು ಪುಡಿ ಮೆತ್ತಲೂಬೇಡಿ. ಕಳೆನಾಶಕ 2,4-ಡಿ ಕೂಡ ಆಕ್ಸಿನ್ ಗುಂಪಿನದೇ!

ನೆನೆಸಿ ಹಿಂಡಿದ ಪಾಚಿ (ನರ್ಸರಿಯವರ ಸ್ಫ್ಯಾಗ್ನಮ್ ಮಾಸ್) ಸುತ್ತಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಎರಡೂ ತುದಿ ಬಿಗಿಯಿರಿ. ತೊಳೆಯದ ತೆಂಗಿನ ನಾರಿನ ಪುಡಿ ಬೇಡ, ಉಪ್ಪಿರುತ್ತದೆ. ಹಾಳೆಯೊಳಗೆ ಬೇರು ಒತ್ತಾಗಿ ಕಂಡಾಗ ಗೂಟಿಯ ಕೆಳಗೆ ಕತ್ತರಿಸಿ, ಅರ್ಧ ಎಲೆ ತೆಗೆದು ನೆರಳಿನಲ್ಲಿ ನೆಡಿ. ನೆಡುವ ಮುನ್ನ ಪ್ಲಾಸ್ಟಿಕ್ ಬಿಚ್ಚಿ, ಇದನ್ನೂ ಹೇಳಬೇಕಾಗಿದೆ.