ಸ್ವಂತ ಸ್ಟಾರ್ಟ್‌ಅಪ್‌ನಲ್ಲೇ ಇಂಟರ್ನ್‌ಶಿಪ್: ಮೊದಲ ತಿಂಗಳು ಲ್ಯಾಪ್‌ಟಾಪ್ ಮುಚ್ಚಿಡಿ

ಹಾಸನದ ಸುತ್ತಮುತ್ತ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ಮೌಖಿಕ ಪರೀಕ್ಷೆಗೆ ಹೊರಗಿನವನಾಗಿ ಕೂರುವ ಕೆಲಸ ನನಗೆ ಆಗಾಗ ಬರುತ್ತದೆ. ಬೇರೆ ಕಂಪನಿಗೆ ಹೋಗದೆ ತಾವೇ ಸ್ಟಾರ್ಟ್‌ಅಪ್ ಕಟ್ಟಿದ್ದೇವೆ ಎಂದು ಬರುವ ತಂಡಗಳ ಮೊದಲ ಸ್ಲೈಡಿನಲ್ಲಿ ಲೋಗೊ ಇರುತ್ತದೆ. ಎರಡನೆಯದರಲ್ಲಿ ಸಿಇಒ, ಸಿಟಿಒ ಎಂಬ ಪದವಿಗಳೊಂದಿಗೆ ಫೋಟೊಗಳು. ಮೂರನೆಯದರಲ್ಲಿ ದೇಶದ ಕೃಷಿ ಮಾರುಕಟ್ಟೆ ಎಷ್ಟು ಲಕ್ಷ ಕೋಟಿಯದು ಎಂಬ ಲೆಕ್ಕ. ‘ಇದುವರೆಗೆ ಯಾರಾದರೂ ದುಡ್ಡು ಕೊಟ್ಟಿದ್ದಾರೆಯೇ?’ ಎಂದು ಕೇಳಿದರೆ ಸಿಇಒ ಸಿಟಿಒನ ಮುಖ ನೋಡುತ್ತಾನೆ.

ಬುದ್ಧಿವಂತ ಮಕ್ಕಳೇ. ಎಡವುವುದು ಎಲ್ಲರೂ ಒಂದೇ ಜಾಗದಲ್ಲಿ. ಹಾಗಾಗಿ ಈ ಲೇಖನದಲ್ಲಿ ಆ ಜಾಗದ ಬಗ್ಗೆಯೇ ಹೆಚ್ಚು ಬರೆದಿದ್ದೇನೆ.

ಹೆಜ್ಜೆ 1: ಅನುಮತಿಯನ್ನು ಕಾಗದದಲ್ಲಿ ಪಡೆಯಿರಿ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮ್‌ನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಕೊನೆಯ ವರ್ಷ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಇದೆ. ಸ್ವಾಯತ್ತ ಕಾಲೇಜುಗಳಿಗೆ ಅವುಗಳದೇ ನಿಯಮ. ಸ್ವಂತ ಉದ್ಯಮವನ್ನು ಇದರ ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ ಎಂಬುದನ್ನು ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿಚಾರಿಸಬೇಡಿ. ಕೇಂದ್ರ ಶಿಕ್ಷಣ ಸಚಿವಾಲಯದ 2019ರ ರಾಷ್ಟ್ರೀಯ ನಾವೀನ್ಯ ಮತ್ತು ಸ್ಟಾರ್ಟ್‌ಅಪ್ ನೀತಿಯು ಪ್ರಾಜೆಕ್ಟ್, ಸೆಮಿನಾರ್, ಬೇಸಿಗೆ ತರಬೇತಿಗಳ ಬದಲಿಗೆ ಸ್ಟಾರ್ಟ್‌ಅಪ್ ಮಾಡಲು ವಿದ್ಯಾರ್ಥಿಗಳಿಗೆ ಅವಕಾಶ ಕೊಡಬಹುದು ಎನ್ನುತ್ತದೆ. ‘ಕೊಡಬಹುದು’ ಎಂದಿದೆಯೇ ಹೊರತು ‘ಕೊಡಲೇಬೇಕು’ ಎಂದಿಲ್ಲ. ಆ ಪುಟದ ಪ್ರತಿಯನ್ನು ಲಗತ್ತಿಸಿ ಪ್ರಾಂಶುಪಾಲರಿಗೆ ಅರ್ಜಿ ಕೊಡಿ, ಸಹಿ ಮತ್ತು ಮೊಹರು ಬೀಳುವವರೆಗೆ ಬೆನ್ನು ಬಿಡಬೇಡಿ. ಗೈಡ್ ಬಾಯಲ್ಲಿ ‘ಸರಿ ಮಾಡಿಕೊಳ್ಳಿ’ ಎಂದದ್ದನ್ನು ನಂಬಿ ಕೂತ ತಂಡವೊಂದು ಹನ್ನೆರಡನೇ ವಾರದಲ್ಲಿ ಬೇರೆ ಕಂಪನಿಯ ಪ್ರಮಾಣಪತ್ರ ಹುಡುಕಿಕೊಂಡು ಓಡಾಡಿದ್ದನ್ನು ನೋಡಿದ್ದೇನೆ.

ಪ್ರಮಾಣಪತ್ರ ಎಂದಾಗ ಇನ್ನೊಂದು ಮಾತು. ಒಂದು ದಿನವೂ ಕೆಲಸ ಮಾಡಿಸದೆ ದುಡ್ಡು ಪಡೆದು ಇಂಟರ್ನ್‌ಶಿಪ್ ಪತ್ರ ಮುದ್ರಿಸಿ ಕೊಡುವವರು, ಪ್ರಾಜೆಕ್ಟನ್ನು ರಿಪೋರ್ಟಿನ ಸಮೇತ ಮಾರುವ ಅಂಗಡಿಗಳು ಎಲ್ಲ ಊರುಗಳಲ್ಲೂ ಇವೆ. ಒಂದೇ ವರ್ಷ ಒಂದೇ ಕಾಗುಣಿತ ತಪ್ಪುಗಳಿರುವ ಎರಡು ರಿಪೋರ್ಟುಗಳು ನನ್ನ ಮುಂದೆ ಬಂದಿದ್ದವು.

ಹೆಜ್ಜೆ 2: ಬೆಳೆಯ ಕಾಲ ನೋಡಿ ಸಮಸ್ಯೆ ಆರಿಸಿ

ಸೆಮಿಸ್ಟರ್‌ಗೂ ನಮ್ಮ ಕಡೆಯ ಕಾಫಿ ತೋಟಕ್ಕೂ ಒಂದೇ ಕ್ಯಾಲೆಂಡರ್ ಅಲ್ಲ. ಅರೇಬಿಕಾ ಕಾಫಿಯ ಕೊಯ್ಲು ಸುಮಾರಾಗಿ ನವೆಂಬರಿನಿಂದ ಜನವರಿಯವರೆಗೆ, ಇನ್ನೊಂದು ಬಗೆಯಾದ ರೋಬಸ್ಟಾ ಅದರ ಹಿಂದೆಯೇ ಬಂದು ಮಾರ್ಚ್‌ವರೆಗೆ ಎಳೆಯುತ್ತದೆ. ನಿಮ್ಮ ಇಂಟರ್ನ್‌ಶಿಪ್ ಫೆಬ್ರವರಿಯಲ್ಲಿ ಆರಂಭವಾಗುವುದಾದರೆ ಅರೇಬಿಕಾ ಒಣಗಿಸುವ ಯಂತ್ರ ಮಾಡುತ್ತೇವೆಂದು ಹೊರಡಬೇಡಿ, ಪರೀಕ್ಷಿಸಲು ಕಣದಲ್ಲಿ ಕಾಳೇ ಇರುವುದಿಲ್ಲ. ಆಗ ನಡೆಯುವುದು ರೋಬಸ್ಟಾಕ್ಕೆ ಹೂವಿನ ನೀರು, ಅಂದರೆ ಗಿಡ ಹೂ ಬಿಡಲೆಂದು ಹಾಯಿಸುವ ನೀರು, ಕೊಡುವ ಕೆಲಸ: ಸ್ಪ್ರಿಂಕ್ಲರ್, ಪಂಪ್‌ಸೆಟ್, ಡೀಸೆಲ್, ರಾತ್ರಿ ಕರೆಂಟು. ಅಲ್ಲಿ ಹುಡುಕಿ. ಮೇ ತಿಂಗಳ ಹೊತ್ತಿಗೆ ಹಾಸನದ ಎಪಿಎಂಸಿಗೆ ಪಂಜಾಬಿನಿಂದ ಬಿತ್ತನೆ ಆಲೂಗಡ್ಡೆ ಬರುತ್ತದೆ, ಅಲ್ಲಿಯೂ ಕೆಲಸ ಉಂಟು. ಆಗಸ್ಟಿನಲ್ಲಿ ಆರಂಭಿಸುವವರಿಗೆ ಆಲೂಗಡ್ಡೆ ಕೀಳುವ ಕಾಲವೂ ಕಾಫಿ ಕೊಯ್ಲಿನ ಮೊದಲ ವಾರಗಳೂ ಸಿಗುತ್ತವೆ.

ಹೆಜ್ಜೆ 3: ಹೋಗಿ ಕೇಳಿ

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲಿಯೇ. ಗೂಗಲ್ ಫಾರ್ಮ್ ಮಾಡಿ ಹಾಸ್ಟೆಲ್ ಗೆಳೆಯರಿಗೆ ಕಳಿಸಿ, ‘ಶೇಕಡಾ 92 ಬೆಳೆಗಾರರಿಗೆ ನಮ್ಮ ಆ್ಯಪ್ ಬೇಕು’ ಎಂದು ಬಣ್ಣದ ಚಿತ್ರ ಬರೆಯುತ್ತಾರೆ. ಅದರಲ್ಲಿ ಬೆಳೆಗಾರರೇ ಇರುವುದಿಲ್ಲ.

ಮೊದಲ ನಾಲ್ಕು ವಾರ ಲ್ಯಾಪ್‌ಟಾಪ್ ಮುಚ್ಚಿಡಿ. ಇದರಲ್ಲಿ ರಿಯಾಯಿತಿ ಇಲ್ಲ. ಬಿಕ್ಕೋಡು, ಹೆತ್ತೂರು, ಹಾನುಬಾಳು, ಆ ಕಡೆ ಆಲ್ದೂರು, ಎಲ್ಲಿಗೆ ಬಸ್ಸಿದೆಯೋ ಅಲ್ಲಿಗೆ ಹೋಗಿ. ಇಬ್ಬರೇ ಹೋಗಿ: ಒಬ್ಬರು ಮಾತನಾಡಲು, ಒಬ್ಬರು ಬರೆದುಕೊಳ್ಳಲು. ಐದು ಜನ ಒಟ್ಟಿಗೆ ಗೇಟಿನಲ್ಲಿ ನಿಂತರೆ ಚಂದಾ ಕೇಳಲು ಬಂದವರೆಂದುಕೊಳ್ಳುತ್ತಾರೆ. ಬೆಳಿಗ್ಗೆ ಆಳುಗಳಿಗೆ ಕೆಲಸ ಹಂಚುವ ಹೊತ್ತಿಗೆ ಹೋಗಬೇಡಿ, ಸಂತೆಯ ದಿನವೂ ಬೇಡ. ಸಂಜೆ ಹಣ್ಣು ತೂಗಿ ಮುಗಿದ ಮೇಲೆ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್‌ಗೆ ಕೊಂಚ ಬಿಡುವಿರುತ್ತದೆ.

ಈಗ ಪ್ರಶ್ನೆಗಳ ವಿಷಯ. ‘ಸಾರ್, ಇಂಥ ಆ್ಯಪ್ ಮಾಡಿದರೆ ಬಳಸುತ್ತೀರಾ?’ ಎಂದು ಯಾವತ್ತೂ ಕೇಳಬಾರದು. ಮಲೆನಾಡಿನಲ್ಲಿ ಮನೆಗೆ ಬಂದ ಓದುವ ಮಕ್ಕಳಿಗೆ ಯಾರೂ ಇಲ್ಲ ಎನ್ನುವುದಿಲ್ಲ. ಕಾಫಿ ಕೊಡುತ್ತಾರೆ, ‘ಮಾಡಿ, ಒಳ್ಳೆಯದಾಗಲಿ’ ಎನ್ನುತ್ತಾರೆ. ಅದು ಆಶೀರ್ವಾದ, ಆರ್ಡರ್ ಅಲ್ಲ. ನಡೆದುಹೋದದ್ದನ್ನು ಕೇಳಿ: ಹೋದ ಸಲ ಕಣದಲ್ಲಿ ಕಾಫಿ ಇದ್ದಾಗ ಮಳೆ ಬಂತಲ್ಲ, ಆ ದಿನ ಏನು ಮಾಡಿದಿರಿ? ಎಷ್ಟು ಮೂಟೆ ನೆನೆಯಿತು? ತಡೆಯಲು ಇದುವರೆಗೆ ಏನಕ್ಕೆ ದುಡ್ಡು ಹಾಕಿದ್ದೀರಿ? ಕೊನೆಯದು ಬಹಳ ಮುಖ್ಯ. ಈವರೆಗೆ ಒಂದು ರೂಪಾಯಿಯನ್ನೂ ಖರ್ಚು ಮಾಡದ ತೊಂದರೆಗೆ ಅವರು ನಿಮಗೂ ಕೊಡುವುದಿಲ್ಲ.

ಒಂದು ತಂಡದ ಕತೆ ಹೇಳುತ್ತೇನೆ. ಕಣದ ಮೇಲೆ ಮಳೆಯ ಮುನ್ಸೂಚನೆ ಕೊಡುವ ಪೆಟ್ಟಿಗೆ ಮಾಡುವುದೆಂದು ಹೊರಟಿದ್ದರು. ಪಾರ್ಚ್‌ಮೆಂಟನ್ನು, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿಯನ್ನು, ಹತ್ತು ಪರ್ಸೆಂಟ್ ತೇವಾಂಶಕ್ಕೆ ಇಳಿಸುವವರೆಗೆ ಬೆಳೆಗಾರನಿಗೆ ನಿದ್ದೆಯಿಲ್ಲ, ಆದ್ದರಿಂದ ಯೋಚನೆ ತಪ್ಪೇನಲ್ಲ. ಸಕಲೇಶಪುರದ ಕಡೆಯ ಹಿರಿಯ ಬೆಳೆಗಾರರೊಬ್ಬರು ಎಲ್ಲ ಕೇಳಿಸಿಕೊಂಡು ಹೇಳಿದರು: ‘ಮಳೆ ಬರುವುದು ನನಗೆ ಗೊತ್ತಾಗುತ್ತದೆ ಮಗು. ಟಾರ್ಪಾಲು ಎಳೆಯಲು ರಾತ್ರಿ ಎಂಟು ಗಂಟೆಗೆ ಜನ ಎಲ್ಲಿದ್ದಾರೆ?’ ತಂಡ ಸೆನ್ಸರ್ ಬಿಟ್ಟು, ಇಬ್ಬರೇ ನಿಂತು ಇಡೀ ಕಣಕ್ಕೆ ಟಾರ್ಪಾಲು ಎಳೆಯುವ ಹಗ್ಗ ಮತ್ತು ರಾಟೆಯ ವ್ಯವಸ್ಥೆ ಮಾಡಿತು. ಅದರಲ್ಲಿ ಒಂದು ಸಾಲು ಕೋಡ್ ಇರಲಿಲ್ಲ. ಕಂಪ್ಯೂಟರ್ ಸೈನ್ಸ್ ಹುಡುಗರಾದ್ದರಿಂದ ಗೈಡ್‌ಗೆ ಕೋಪ ಬಂದಿತ್ತು ಎಂದು ಕೇಳಿದೆ. ನಾನು ಕೊಟ್ಟ ಅತಿ ಹೆಚ್ಚಿನ ಅಂಕ ಅವರಿಗೇ.

ಇನ್ನೊಂದು ತೊಡಕು: ಬಳಸುವವರು ಬೇರೆ, ದುಡ್ಡು ಕೊಡುವವರು ಬೇರೆ. ಯಂತ್ರದ ಗುಂಡಿ ಒತ್ತುವುದು ರೈಟರ್ ಅಥವಾ ಮೇಸ್ತ್ರಿ, ಮಾಲೀಕರು ಬೆಂಗಳೂರಿನಲ್ಲಿರಬಹುದು. ಮಾಲೀಕರಿಗೆ ಇಷ್ಟವಾದದ್ದು ರೈಟರ್‌ಗೆ ತನ್ನ ಮೇಲಿನ ಕಾವಲಿನಂತೆ ಕಂಡರೆ ಮೂರನೇ ದಿನಕ್ಕೆ ಅದು ಕೆಟ್ಟುಹೋಗುತ್ತದೆ. ಇಬ್ಬರ ಬಳಿಯೂ ಬೇರೆ ಬೇರೆಯಾಗಿ ಮಾತನಾಡಿ.

ಕನಿಷ್ಠ ಇಪ್ಪತ್ತು ಜನ. ಹತ್ತು ಸಾಲದು, ಏಕೆಂದರೆ ಮೊದಲ ಆರೇಳು ಮಂದಿಯ ಬಳಿ ನಿಮಗೆ ಕೇಳಲು ಬರುವುದಿಲ್ಲ. ಅವರು ಆಡಿದ ಮಾತನ್ನು ಅವರ ಪದಗಳಲ್ಲೇ ಬರೆದುಕೊಳ್ಳಿ. ಅದೇ ದಿನ, ವಾಪಸಾಗುವ ಬಸ್ಸಿನಲ್ಲೇ.

ಹೆಜ್ಜೆ 4: ಮಾದರಿ ಮಾಡಿ

ಇದು ನಿಮಗೆ ಗೊತ್ತಿರುವ ವಿದ್ಯೆ, ನಾನು ಹೇಳಬೇಕಿಲ್ಲ. ಏನು ಕೊಳ್ಳಬಾರದು ಎಂಬುದನ್ನಷ್ಟೇ ಹೇಳುತ್ತೇನೆ. ನೀಲಿ ಬಣ್ಣದ ಡಿಎಚ್‌ಟಿ11 ಸೆನ್ಸರ್ ಅಗ್ಗವೆಂದು ಎಲ್ಲರೂ ತರುತ್ತಾರೆ. ಅದು ಅಳೆಯುವುದು ಶೇಕಡಾ 20ರಿಂದ 90ರವರೆಗಿನ ಆರ್ದ್ರತೆಯನ್ನು, ಅದೂ ಐದರಷ್ಟು ಹೆಚ್ಚುಕಡಿಮೆಯೊಂದಿಗೆ. ಮಳೆಗಾಲದ ಸಕಲೇಶಪುರದಲ್ಲಿ ಅದರಿಂದ ಏನೂ ತಿಳಿಯದು. ಎರಡು ಕಡ್ಡಿಯನ್ನು ಮಣ್ಣಿಗೆ ಚುಚ್ಚುವ ಅಗ್ಗದ ತೇವಾಂಶ ಸೆನ್ಸರ್ ಇನ್ನೂ ಕೆಟ್ಟದ್ದು. ವಿದ್ಯುತ್ ಹರಿದು ಹರಿದು ಲೋಹವೇ ಸವೆದುಹೋಗುತ್ತದೆ, ಕೆಲವು ವಾರಗಳಲ್ಲಿ ಕಡ್ಡಿ ತುಕ್ಕು. ಲೋಹ ಮಣ್ಣಿಗೆ ನೇರ ತಾಗದ ಕೆಪಾಸಿಟಿವ್ ಬಗೆಯದನ್ನು ಕೊಂಡು, ಮೇಲಿನ ಸರ್ಕ್ಯೂಟಿಗೆ ನೀರು ತಾಗದಂತೆ ಅಂಟು ಹಾಕಿ.

ತೋಟದೊಳಗೆ ಮೊಬೈಲ್ ಸಿಗ್ನಲ್ ಇರುತ್ತದೆಂದು ನಂಬಿ ಯಾವುದನ್ನೂ ಕಟ್ಟಬೇಡಿ. ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳಿಸುವ ಲೋರಾ ರೇಡಿಯೊ ಬಳಸುವುದಾದರೆ ನಮ್ಮ ದೇಶದಲ್ಲಿ ಪರವಾನಗಿ ಬೇಡದ ತರಂಗಾಂತರ ಪಟ್ಟಿ 865ರಿಂದ 868 ಮೆಗಾಹರ್ಟ್ಸ್. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆಂದು 915ರ ಮಾಡ್ಯೂಲ್ ತರಿಸಿಕೊಂಡು ಪೇಚಾಡಿದವರಿದ್ದಾರೆ.

ಹೆಜ್ಜೆ 5: ದುಡ್ಡು ಕೇಳಿ

ಐನೂರು ರೂಪಾಯಿಯಾದರೂ ಸರಿ, ಕೇಳಿ, ರಸೀದಿ ಕೊಡಿ.

ಆದರೆ ಇದಕ್ಕಾಗಿ ಪ್ರೈವೇಟ್ ಲಿಮಿಟೆಡ್ ಕಂಪನಿ ತೆರೆಯುವ ಅಗತ್ಯವಿಲ್ಲ. ‘ಮೂರು ದಿನದಲ್ಲಿ ಕಂಪನಿ’ ಎಂದು ಕರೆ ಮಾಡುವ ಏಜೆಂಟರು ಮುಂದಿನದನ್ನು ಹೇಳುವುದಿಲ್ಲ: ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ವರ್ಷ ವರ್ಷ ಆಡಿಟ್ ಆಗಬೇಕು, ವಾರ್ಷಿಕ ಲೆಕ್ಕಪತ್ರ ಸಲ್ಲಿಸಬೇಕು, ತಡವಾದರೆ ಒಂದೊಂದು ನಮೂನೆಗೂ ದಿನಕ್ಕೆ ನೂರು ರೂಪಾಯಿ ಹೆಚ್ಚುವರಿ ಶುಲ್ಕ. ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ನಾಲ್ವರು ನಿರ್ದೇಶಕರು ಎರಡು ವರ್ಷದ ಬಳಿಕ ಈ ಬಾಕಿಗೆ ಚಂದಾ ಎತ್ತಿದ್ದು ನನಗೆ ಗೊತ್ತು. ಸದ್ಯಕ್ಕೆ ಒಬ್ಬರ ಹೆಸರಿನಲ್ಲಿ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ, ಸಾಕು. ಅದು ಪೂರ್ತಿ ಉಚಿತ. ಶುಲ್ಕ ಕೇಳುವ ಜಾಲತಾಣ ಸರ್ಕಾರದ್ದಲ್ಲ. ಕೇಂದ್ರದ ಸ್ಟಾರ್ಟ್‌ಅಪ್ ಮಾನ್ಯತೆ ಒಬ್ಬರ ಹೆಸರಿನ ವ್ಯಾಪಾರಕ್ಕೆ ಸಿಗುವುದಿಲ್ಲ ಎಂಬುದು ನಿಜ. ಅದು ಬೇಕಾಗುವ ದಿನ ಬಂದಾಗ ಕಂಪನಿ ಮಾಡಿಕೊಳ್ಳಬಹುದು.

ಯಾರ ಪಾಲು ಎಷ್ಟು, ನಡುವೆ ಬಿಟ್ಟುಹೋದರೆ ಏನು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಸ್ನೇಹ ಚೆನ್ನಾಗಿರುವಾಗಲೇ. ಕಾಲೇಜಿನ ಪ್ರಯೋಗಾಲಯವನ್ನೂ ಹಣವನ್ನೂ ಬಹುವಾಗಿ ಬಳಸಿದರೆ ಪೇಟೆಂಟ್‌ನಂಥ ಹಕ್ಕಿನಲ್ಲಿ ಕಾಲೇಜೂ ಪಾಲುದಾರ ಎಂದು ಅದೇ 2019ರ ನೀತಿ ಹೇಳುತ್ತದೆ. ಆದ್ದರಿಂದ ಏನನ್ನು ಎಲ್ಲಿ ಮಾಡಿದಿರಿ ಎಂಬುದಕ್ಕೆ ಲೆಕ್ಕವಿರಲಿ. ನಿಜಕ್ಕೂ ಹೊಸದೊಂದು ಕೈಗೆ ಬಂದಿದ್ದರೆ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನದಲ್ಲಿಡುವ ಮುಂಚೆಯೇ ತಾತ್ಕಾಲಿಕ ಪೇಟೆಂಟ್ ಅರ್ಜಿ ಹಾಕಿ. ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ, ಪೂರ್ಣ ವಿವರ ಸಲ್ಲಿಸಲು 12 ತಿಂಗಳ ಕಾಲಾವಕಾಶ. ಪ್ರದರ್ಶನವಾದ ಮೇಲೆ ಹೋದರೆ ಹೊಸತನವೇ ಉಳಿದಿಲ್ಲ ಎನ್ನಬಹುದು.

ಹೆಜ್ಜೆ 6: ಡೈರಿ ಮತ್ತು ರಿಪೋರ್ಟ್

ಡೈರಿಯನ್ನು ಆಯಾ ವಾರವೇ ಬರೆಯಿರಿ. ಕೊನೆಯ ರಾತ್ರಿ ಒಂದೇ ಪೆನ್ನಿನಲ್ಲಿ ಬರೆದ ಹದಿನಾರು ವಾರಗಳು ನಮಗೆ ಗೊತ್ತಾಗುತ್ತವೆ. ರಿಪೋರ್ಟಿನಲ್ಲಿ ಸೋತದ್ದನ್ನೂ ಬರೆಯಿರಿ, ರಸೀದಿಯ ಪ್ರತಿ ಅಂಟಿಸಿ.

ಮೌಖಿಕ ಪರೀಕ್ಷೆ ಮುಗಿದ ವಾರದಲ್ಲೇ ತೋಟಕ್ಕೆ ಇನ್ನೊಮ್ಮೆ ಹೋಗಿ. ಮುಂದುವರಿಸುವಿರಾದರೆ ಹಾಗೆ ಹೇಳಿ, ಇಲ್ಲವಾದರೆ ಇಟ್ಟದ್ದನ್ನು ಬಿಚ್ಚಿಕೊಂಡು ಬನ್ನಿ, ಉಳಿದ ಹಣ ಹಿಂದಿರುಗಿಸಿ. ಹೋದ ವರ್ಷ ಆಲೂರಿನ ಕಡೆಯ ಬೆಳೆಗಾರರೊಬ್ಬರು ನನಗೇ ಫೋನ್ ಮಾಡಿದ್ದರು, ಹುಡುಗರ ನಂಬರ್ ತಾಗುತ್ತಿಲ್ಲವೆಂದು. ಹಲಸಿನ ಮರಕ್ಕೆ ಕಟ್ಟಿದ್ದ ಪೆಟ್ಟಿಗೆಯ ಬ್ಯಾಟರಿ ಊದಿಕೊಂಡಿದೆಯಂತೆ. ‘ಆಂಟೆನಾವನ್ನು ಮಂಗ ಕಿತ್ತುಕೊಂಡು ಹೋಯಿತು. ಉಳಿದದ್ದನ್ನು ನೀವು ಬಂದು ತೆಗೆದುಕೊಂಡು ಹೋಗುತ್ತೀರಾ?’ ಎಂದರು.